ಅಪಾಮಿಯಾದ ಮಾವುತ ಬರ್ಲಾಹಾ

ಸಿರಿಯಾದ ಗ್ರೀಕ್ ದೊರೆಗಳ ಆನೆ ಲಾಯ ಅಪಾಮಿಯಾದಲ್ಲಿ, ಒರೊಂಟೆಸ್ ನದಿಯ ದಂಡೆಯಲ್ಲಿತ್ತು. ಬರ್ಲಾಹಾ ಹುಟ್ಟಿದ್ದು ಅಲ್ಲಿಯ ಹುಲ್ಲುಮೆದೆಯ ಪಕ್ಕದ ಗುಡಿಸಲಲ್ಲಿ. ಅಪ್ಪನೂ ಮಾವುತನೇ. ಹದಿನೆಂಟನೆಯ ವಯಸ್ಸಿಗೆ ತನ್ನ ಪಾಲಿಗೆ ಬಂದ ಗಂಡಾನೆಗೆ ಅವನು ಕೇಫಾ, ಅಂದರೆ ಬಂಡೆ, ಎಂದು ಹೆಸರಿಟ್ಟ.

ಎರಡು ವರ್ಷ ಕಳೆದ ಮೇಲೆ ಅದರ ಕತ್ತಿನ ಮೇಲೆ ಕೂತು ರೋಮನ್ನರ ವಿರುದ್ಧ ಮ್ಯಾಗ್ನೀಷಿಯಾದಲ್ಲಿ ನಡೆದ ಯುದ್ಧಕ್ಕೆ ಹೋದ. ಭರ್ಜಿ ಹಿಡಿದ ಕಾಲಾಳುಗಳ ನಡುನಡುವೆ ಆನೆಗಳನ್ನು ನಿಲ್ಲಿಸಿದ್ದರು. ರೋಮನ್ನರ ಈಟಿಗಳು ಬಂದು ಬೀಳತೊಡಗಿದ್ದೇ ತಡ, ಆನೆಗಳು ಬೆದರಿ ತಮ್ಮವರನ್ನೇ ತುಳಿದವು. ಕೇಫಾನ ಕಾಲಡಿ ಸಿಕ್ಕವರು ಕೂಗಿಕೊಂಡದ್ದು ಬರ್ಲಾಹಾನ ಊರಿನ ಮಾತಿನಲ್ಲೇ. ಮರಳಿ ಬಂದ ಮೇಲೆ ಒಂದು ವರ್ಷ ಅವನು ಆನೆಯೊಡನೆ ಮಾತಾಡಲಿಲ್ಲ. ಮೇವು ಹಾಕುವುದನ್ನು ಮಾತ್ರ ಬಿಡಲಿಲ್ಲ. ಒಂದು ದಿನ ಅದರ ಕಾಲಿನ ಹುಣ್ಣು ತೊಳೆಯುತ್ತಿದ್ದಾಗ ಕೇಫಾ ಸೊಂಡಿಲನ್ನು ಅವನ ಹೆಗಲ ಮೇಲಿಟ್ಟಿತು. ಅಲ್ಲಿಗೆ ಮುನಿಸು ಮುಗಿಯಿತು.

ಸೋತ ದೊರೆ ಆನೆ ಸಾಕಕೂಡದೆಂದು ರೋಮನ್ನರು ಒಪ್ಪಂದ ಮಾಡಿಸಿಕೊಂಡಿದ್ದರು. ಆದರೂ ಲಾಯ ಮುಚ್ಚಲಿಲ್ಲ. ಯುದ್ಧ ಮುಗಿದು ಇಪ್ಪತ್ತೆಂಟು ವರ್ಷಗಳಾದ ಮೇಲೆ ರೋಮಿನ ದೂತರು ಬಂದು, ಎಲ್ಲ ಆನೆಗಳ ಹಿಂಗಾಲಿನ ನರ ಕತ್ತರಿಸಬೇಕೆಂದರು. ಅಪ್ಪಣೆ ತಂದ ಲಾಯದ ಅಧಿಕಾರಿ ದೆಮೆಯಾಸ್ ಬರ್ಲಾಹಾನ ಮುಖ ನೋಡಲಾರದೆ ನೆಲ ನೋಡುತ್ತ ನಿಂತ.

"ಹೊರಗಿನವ್ರನ್ನ ಅವು ಹತ್ರ ಬಿಡಲ್ಲ. ನಾಳೆ ನೀವೇ ಕೂರಿಸಿ ಹಿಡ್ಕೋಬೇಕು."

"ಸ್ವಾಮಿ, ನನ್ನದನ್ನ ಎಲ್ಲಿಗಾದ್ರೂ ಅಟ್ಬಿಡ್ತೀನಿ. ಸತ್ತೋಯ್ತು ಅಂತ ಹೇಳ್ಬಿಡಿ."

"ಎಲ್ಲಿಗೋ ಅಟ್ತೀಯ? ಅದೇನು ಬೆಕ್ಕಾ, ಬಚ್ಚಿಡೋಕೆ?"

ಆದರೂ ಬೆಳಕು ಹರಿಯುವ ಹೊತ್ತಿಗೆ ಬರ್ಲಾಹಾ ಮತ್ತು ಅವನ ಹೆಂಡತಿ ಶಲ್ಮತ್ ಆನೆಯನ್ನು ಹೊಳೆ ದಾಟಿಸಿ ಜೊಂಡಿನ ಜೌಗಿಗೆ ಹೊಡೆದುಕೊಂಡು ಹೋದರು.

"ಹೋಗೋ ನನ್ನಪ್ಪಾ, ಓಡೋ!" ಎಂದು ಶಲ್ಮತ್ ಅಂಗಲಾಚಿದಳು. ಆಮೇಲೆ ಕಲ್ಲು ಬೀರಿದಳು. ಕೇಫಾ ನೂರು ಹೆಜ್ಜೆ ಹೋಗಿ ಮತ್ತೆ ಅವರ ಹಿಂದೆಯೇ ಬಂತು. ಬರ್ಲಾಹಾ ಅಂಕುಶದಿಂದ ಹೊಡೆದ, ಬೈದ, ಅತ್ತ. ಮೂರನೆಯ ಸಲ ಅದು ಮರಳಿ ಬಂದಾಗ ಆಚೆ ದಂಡೆಯಲ್ಲಿ ಸೈನಿಕರು ನಿಂತು ನೋಡುತ್ತಿದ್ದರು.

ಲಾಯದ ಅಂಗಳದಲ್ಲಿ ಅವನು "ಕೂರು" ಅಂದ. ಕೇಫಾ ಕೂತಿತು. ಕೊಡಲಿಯವನಿಗೆ ಕೈ ಪಳಗಿರಲಿಲ್ಲ, ನಾಲ್ಕು ಏಟು ಬೇಕಾಯಿತು. ಬರ್ಲಾಹಾ ಸೊಂಡಿಲನ್ನು ಎದೆಗೆ ಅವುಚಿಕೊಂಡು ಕಣ್ಣು ಮುಚ್ಚಿದ್ದ.

ಆನೆಗಳ ಘೀಳು ಕೇಳಲಾಗದೆ ಉಳಿದ ಮಾವುತರು ಊರೊಳಗೆ ಹೋಗಿಬಿಟ್ಟರು. ಗಂಡಹೆಂಡತಿ ಮಾತ್ರ ಹೊಳೆಯಿಂದ ನೀರು ಹೊತ್ತರು, ಗಾಯಕ್ಕೆ ಎಣ್ಣೆ ಸುರಿದರು, ನೊಣ ಓಡಿಸಿದರು. ಕೇಫಾ ಮುಂಗಾಲೂರಿ ಏಳಲು ಹೋಗಿ ಹೋಗಿ ಬೀಳುತ್ತಿತ್ತು.

ಒಂಬತ್ತನೆಯ ದಿನ ದೆಮೆಯಾಸ್ ಓಡಿಬಂದ. "ಕೇಳ್ದೇನೋ? ಲವೊದಿಕೀಯ ಪಟ್ಟಣದಲ್ಲಿ ಯಾರೋ ಆ ದೂತರ ಮುಖ್ಯಸ್ಥನ್ನ ಇರಿದು ಕೊಂದ್ನಂತೆ! ಊರೆಲ್ಲಾ ಕುಣೀತಾ ಇದೆ."

"ಅದಕ್ಕೆ ಇವನು ಎದ್ದು ನಿಲ್ತಾನಾ ಸ್ವಾಮಿ?" ಅಂದ ಬರ್ಲಾಹಾ.

ಹನ್ನೊಂದನೆಯ ದಿನ ನಡುಮಧ್ಯಾಹ್ನ ಕೇಫಾ ಸತ್ತಿತು. ಬರ್ಲಾಹಾ ನೊಣಗಳನ್ನು ಓಡಿಸುತ್ತಲೇ ಇದ್ದ. ಶಲ್ಮತ್ ಕೈ ಹಿಡಿದು ನಿಲ್ಲಿಸಿದಳು.

"ನಾನು ಕೂರು ಅಂದೆ ಕಣೇ, ಕೂತ್ಬಿಟ್ಟ. ಅವತ್ತೊಂದಿನನಾದ್ರೂ ಹಠ ಮಾಡಬಾರ್ದಿತ್ತಾ?"

ಇಬ್ಬರೂ ಗುದ್ದಲಿ ತಂದು ಹಳ್ಳ ತೋಡಲು ಶುರುಮಾಡಿದರು. ಎರಡನೆಯ ದಿನ ಒಬ್ಬ ಮಾವುತ ಬಂದ, ಗುದ್ದಲಿ ಹಿಡಿದ. ಆಮೇಲೆ ಇನ್ನಿಬ್ಬರು. ಅಷ್ಟಾದರೂ ಹಳ್ಳ ಸಾಲಲಿಲ್ಲ. ಬೆನ್ನಿನ ಭಾಗ ಹೊರಗೇ ಉಳಿಯಿತು. ಬುಟ್ಟಿಗಳಲ್ಲಿ ಮಣ್ಣು ಹೊತ್ತು ಅದರ ಮೇಲೆ ದಿಬ್ಬ ಹಾಕಿದರು.

ಬರ್ಲಾಹಾ ಮತ್ತೆ ಏಳು ವರ್ಷ ಬದುಕಿದ. ಹೊಳೆಯಲ್ಲಿ ದೋಣಿ ಎಳೆಯುವ ಕೂಲಿಗೆ ಹೋಗುತ್ತಿದ್ದ. ಜೊತೆಯ ಕೂಲಿಗಳು ಒಳ್ಳೆಯವನೆಂದೇ ಹೇಳುತ್ತಿದ್ದರು. ಮಾತು ಮಾತ್ರ ಕಡಿಮೆ ಎನ್ನುತ್ತಿದ್ದರು.