ಬಿಗಿದು ಕಟ್ಟಿದ ಕಾಲು

ನಮ್ಮ ಮಾವನ ಬಲಗೈ ಹೆಬ್ಬೆರಳಿಗೆ ಉಗುರು ಇರಲಿಲ್ಲ. ನಾನು ಸೊಸೆಯಾಗಿ ಬರುವುದಕ್ಕೂ ಮೊದಲು, ಯಾವ ಕಾಲದಲ್ಲೋ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಹೋಗಿತ್ತಂತೆ. ಆ ಜಾಗದಲ್ಲಿ ಹುಣಸೆಬೀಜದ ಹಾಗೆ ಹೊಳೆಯುವ ಗಟ್ಟಿ ಚರ್ಮ. ಆ ಬೆರಳನ್ನು ಕಿಟಕಿಯ ಬೋಲ್ಟಿನ ಮೇಲೋ ಕುಕ್ಕರಿನ ಹಿಡಿಯ ಮೇಲೋ ಇಟ್ಟು, ಕಣ್ಣು ಮುಚ್ಚಿ, "ಪ್ಲೇ ಐತೆ" ಎನ್ನುತ್ತಿದ್ದರು. ಸಡಿಲವಾಗಿದೆ ಎಂದರ್ಥ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯ ನಂತರವೂ ಸಡಿಲವಾದದ್ದು ಕಣ್ಣಿಗೆ ಬಿದ್ದರೆ ಸ್ಪಾನರ್ ಹಿಡಿದು ಎದ್ದುಬಿಡುತ್ತಿದ್ದರು. ಅವರು ಬಿಗಿದ ನಲ್ಲಿ ನನ್ನಿಂದ ತಿರುಗುತ್ತಿರಲಿಲ್ಲ. "ಬಿಗಿದೋರೇ ಬಂದು ಬಿಚ್ಕೊಡಿ, ಅನ್ನಕ್ಕಿಡ್ಬೇಕು" ಎಂದು ಅತ್ತೆ ಅಡುಗೆಮನೆಯಿಂದ ರೇಗುತ್ತಿದ್ದರು.

ಲಗ್ಗೆರೆಯ ನಮ್ಮ ಬೀದಿಗೆಲ್ಲ ಅವರು ಫಿಟ್ಟರ್ ಸಾರ್. ಮಿಕ್ಸಿ, ಸೈಕಲ್ಲು, ಗೇಟು ಏನು ಕೆಟ್ಟರೂ ನಮ್ಮ ಮನೆಗೇ ಬರುತ್ತಿತ್ತು. ಕೆಂಚನೂ ಹಾಗೇ ಬಂದದ್ದು. ಬೀದಿಯಲ್ಲೇ ಹುಟ್ಟಿ ಬೆಳೆದ ಕಂದು ನಾಯಿ ಅದು. ಒಂದು ಬೆಳಿಗ್ಗೆ ಮುಂದಿನ ಎಡಗಾಲನ್ನು ಎತ್ತಿಕೊಂಡು ಕುಂಟುತ್ತ ಬಂದು ನಮ್ಮ ಮೆಟ್ಟಿಲ ಮೇಲೆ ಮಲಗಿತು.

"ಡಾಕ್ಟ್ರಿಗೆ ತೋರಿಸ್ರೀ" ಎಂದರು ಅತ್ತೆ.

"ಇದ್ಕೆಲ್ಲಾ ಯಾಕೆ ಡಾಕ್ಟ್ರು? ಮೂಳೆ ಅಲ್ಲಾಡ್ಬಾರ್ದು ಅಷ್ಟೇ. ಅಲ್ಲಾಡಿದ್ರೆ ಕೂಡಾಕಿಲ್ಲ."

ನೀರಿನ ಪೈಪಿನ ತುಂಡೊಂದನ್ನು ಉದ್ದಕ್ಕೆ ಸೀಳಿ, ಅಂಚುಗಳನ್ನು ಅರದಿಂದ ಉಜ್ಜಿ ನುಣ್ಣಗೆ ಮಾಡಿದರು. ಒಳಗೆ ಹತ್ತಿ ಇಟ್ಟರು. ನಾನು ಕೆಂಚನ ಕಾಲು ಹಿಡಿದುಕೊಂಡೆ. ಅವರು ಕರೆಂಟಿನ ಕರಿ ಟೇಪನ್ನು ಎಳೆದೆಳೆದು ಸುತ್ತಿದರು. ಕೆಂಚ ಕುಂಯ್‌ಗುಟ್ಟಿತು. "ಸುಮ್ನಿರೋ, ಆಯ್ತು, ಆಯ್ತು" ಎಂದು ಅದರ ಕಿವಿ ಸವರಿದರು. ಕೊನೆಗೆ ಹೆಬ್ಬೆರಳಿಟ್ಟು ಒತ್ತಿ ನೋಡಿ, "ಒಂದ್ಕೂದ್ಲಷ್ಟೂ ಪ್ಲೇ ಇಲ್ಲ" ಎಂದು ನಕ್ಕರು. ಎದುರುಮನೆಯ ಟೆಂಪೋ ಡ್ರೈವರ್ ನಿಂತು ನೋಡಿ, "ಏನ್ ಫಿನಿಷಿಂಗ್ ಗುರು!" ಎಂದ. ಮಾವನ ಮುಖ ಅರಳಿತು.

ಆಮೇಲೆ ಕೆಂಚ ಟೇಪನ್ನು ಕಚ್ಚಲು ಶುರುಮಾಡಿತು. ಕಚ್ಚಬಾರದೆಂದು ಮಾವ ಇನ್ನೆರಡು ಸುತ್ತು ಸುತ್ತಿದರು. ಅನ್ನ ಇಟ್ಟರೂ ಅದು ಏಳಲಿಲ್ಲ. ವಾರದೊಳಗೆ ವಾಸನೆ ಬಂತು. ಪೈಪಿನ ಕೆಳಗೆ ಕಾಣುತ್ತಿದ್ದ ಬೆರಳುಗಳು ಊದಿ ತಣ್ಣಗಾಗಿದ್ದವು.

ಆಟೋದಲ್ಲಿ ಪಶು ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಮಾವ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟೇಪು ಕತ್ತರಿಸಿ ಬಿಡಿಸುತ್ತಿದ್ದಂತೆ ಆಕೆಯ ಮುಖ ಕೆಂಪಾಯಿತು.

"ಯಾರ್ರೀ ಇದನ್ನ ಕಟ್ಟಿದ್ದು? ರಕ್ತ ಓಡಾಡೋಕೆ ಜಾಗಾನೇ ಬಿಟ್ಟಿಲ್ವಲ್ಲ! ಮೂಳೇಲಿ ಸಣ್ಣ ಬಿರುಕು ಇತ್ತು ಅಷ್ಟೇ, ವಾಸಿ ಆಗ್ತಿತ್ತು. ಈಗ ಕಾಲೇ ಸತ್ತೋಗಿದೆ. ತೆಗೀಲೇಬೇಕು."

ಸುತ್ತ ಜನ ಇದ್ದರು. ಮಾವನ ತಲೆ ಬಗ್ಗಿದ್ದು ಕಂಡು ನಾನು ತಟ್ಟನೆ, "ಬೀದೀಲಿ ಯಾರೋ ಕಟ್ಟಿದ್ರು ಮೇಡಂ" ಎಂದುಬಿಟ್ಟೆ.

"ಇಲ್ಲ ತಾಯಿ" ಎಂದರು ಮಾವ. "ಇವ್ಳು ನನ್ ಮರ್ವಾದಿ ಉಳ್ಸೋಕೆ ಅಂಗಂತಾಳೆ. ಕಟ್ಟಿದ್ದು ನಾನೇ. ಬಿಗಿ ಜಾಸ್ತಿ ಮಾಡ್ಬಿಟ್ಟೆ."

ಡಾಕ್ಟರ್ ಮತ್ತೇನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕೆಂಚ ಬದುಕಿತು. ಮೂರು ಕಾಲಿನಲ್ಲಿ ಓಡುವುದನ್ನೂ ಕಲಿತುಕೊಂಡಿತು. ಬೀದಿಯವರು ಬೇಗ ಮರೆತು ತಮಾಷೆಗೆ ಇಳಿದರು. "ಏನ್ ಫಿಟ್ಟರ್ ಸಾರ್, ತ್ರೀ ವೀಲರ್‌ಗೆ ಬಾಡಿಗೆ ಸಿಕ್ತಾ?" ಎಂದು ಡ್ರೈವರ್ ಛೇಡಿಸುತ್ತಿದ್ದ. ಮಾವ ಸಿಟ್ಟಾಗುತ್ತಿರಲಿಲ್ಲ. ಹೊಸಬರು ಯಾರಾದರೂ ಕಾಲು ಏನಾಯಿತೆಂದು ಕೇಳಿದರೆ, ಬೇರೆಯವರು ಬಾಯಿ ತೆರೆಯುವ ಮೊದಲೇ "ನಾನೇ ಕಣಪ್ಪ, ಬಿಗಿ ಜಾಸ್ತಿ ಆಗೋಯ್ತು" ಎನ್ನುತ್ತಿದ್ದರು. ಬೆಳಿಗ್ಗೆ ಎದ್ದು ಮೊದಲು ಅದಕ್ಕೆ ಹಾಲು ಅನ್ನ ಕಲಸುತ್ತಿದ್ದರು. ತಿಂದು ಮುಗಿಸಿ ಕೆಂಚ ಅವರ ಪಾದದ ಮೇಲೆ ಗದ್ದ ಊರಲು ಬಂದರೆ ಮಾತ್ರ ಕಾಲು ಹಿಂದಕ್ಕೆಳೆದುಕೊಳ್ಳುತ್ತಿದ್ದರು.

"ಯಾಕೆ ಮಾವ, ಪ್ರೀತಿಯಿಂದ ಬರುತ್ತಲ್ಲ" ಎಂದೆ ಒಂದು ದಿನ.

"ಅದ್ಕೆ ಗೊತ್ತಿಲ್ಲ ಕಣಮ್ಮ. ಗೊತ್ತಿದ್ದು ಕಚ್ಚಿದ್ರೆ ವಾಸಿಯಾಗಿತ್ತು."

ಈ ವರ್ಷ ಒಂದು ಮಧ್ಯಾಹ್ನ ಊಟವಾದ ಮೇಲೆ ಕುರ್ಚಿಯಲ್ಲಿ ಕೂತಿದ್ದ ಹಾಗೇ ಮಾವ ಹೋಗಿಬಿಟ್ಟರು.

ಹನ್ನೊಂದನೇ ದಿನ ಅವರ ಜೊತೆ ಕೆಲಸ ಮಾಡಿದ್ದ ಹಳೆಯ ಗೆಳೆಯರೊಬ್ಬರು ಬಂದಿದ್ದರು. ಊಟಕ್ಕೆ ಕೂತವರು ಶಾಮಿಯಾನದ ಅಂಚಿನಲ್ಲಿ ನಿಂತ ಕೆಂಚನನ್ನು ನೋಡಿ, "ಪಾಪ, ಗಾಡಿ ಹೊಡೀತೇನಮ್ಮಾ?" ಎಂದು ಕೇಳಿದರು.

"ಹೂಂ, ಯಾವ್ದೋ ಲಾರಿ" ಎಂದರು ಅತ್ತೆ.

ಸುಮ್ಮನಿದ್ದರೆ ಆಗುತ್ತಿತ್ತು. ಮಾವನ ಮರ್ಯಾದೆಯೂ ಉಳಿಯುತ್ತಿತ್ತು, ನನ್ನದೂ. ಆದರೆ ಆ ಪ್ರಶ್ನೆಗೆ ಅವರು ಒಂದು ಸಲವೂ ಹಾಗೆ ಉತ್ತರ ಕೊಟ್ಟವರಲ್ಲ.

"ಲಾರಿ ಅಲ್ಲ" ಎಂದೆ. "ಕಾಲಿಗೆ ಏಟಾಗಿತ್ತು. ಮಾವ ಬಿಗಿಯಾಗಿ ಕಟ್ಟಿಬಿಟ್ರು. ಹಿಡ್ಕೊಂಡಿದ್ದು ನಾನು. ಅದು ಅಳ್ತಿದ್ರೂ ಬಿಡ್ಲಿಲ್ಲ."

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಗೆಳೆಯರು ಎಲೆಯಲ್ಲಿ ಕೈ ಇಟ್ಟವರು ಹಾಗೇ ಕೂತರು. ಅಷ್ಟು ಜನರ ಮುಂದೆ ಅಷ್ಟು ಸಲ ಹೇಳಿಕೊಂಡ ಮಾವ, ಕಾಲು ಹಿಡಿದವಳು ನಾನು ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.