ನಮ್ಮ ಕ್ಲಿನಿಕ್ಕಿಗೆ ಸರ್ಕಾರ ಕೊಟ್ಟ ಕಾವಲು

ಚಂದಾಪುರದ ನನ್ನ ಕ್ಲಿನಿಕ್ಕಿನಲ್ಲಿ ಗರ್ಭಪಾತ ಮಾಡಲು ಸರ್ಕಾರದ ಮಾನ್ಯತೆ ಇದೆ. ಆ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಒಂದು ಮಂಗಳವಾರ ಬೆಳಿಗ್ಗೆ ಮೊದಲು ಒಡೆದದ್ದೇ ಅದು. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳೊಬ್ಬಳ ಗಂಡ ಹೆಲ್ಮೆಟ್ ಬೀಸಿದ್ದ.

"ನನ್ ಹೆಂಡ್ತಿ ಇಲ್ಲಿಗ್ ಬಂದಿದ್ಲಾ? ಹೇಳ್ತೀಯೋ ಇಲ್ವೋ?"

ಹೇಳಲಿಲ್ಲ. ಹೇಳಬಾರದೆಂಬುದು ಕಾನೂನು, ನನ್ನ ಹಟವೂ ಹೌದು. ಜನ ಕರೆದುಕೊಂಡು ಬರುತ್ತೇನೆಂದು ಬೆದರಿಸಿ ಹೋದ.

ಠಾಣೆಯಲ್ಲಿ ಇನ್‌ಸ್ಪೆಕ್ಟರು ನನ್ನ ದೂರನ್ನು ಎರಡು ಸಲ ಓದಿದರು. "ಗಂಡನ ಸಹಿ ಒಂದ್ ಹಾಕಿಸ್ಕೊಂಡಿದ್ರೆ ಈ ತಾಪತ್ರಯಾನೇ ಇರ್ತಿರ್ಲಿಲ್ವಲ್ಲ ಮೇಡಂ?"

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಅವಳ ಸಹಿ ಒಂದೇ ಸಾಕು ಅಂತ ಕಾನೂನು ಮಾಡಿರೋದು ಸರ್ಕಾರ ಸಾರ್. ಒಡೆದ ಗಾಜು ಗುಡಿಸ್ತಿರೋಳು ನಾನು. ಕಾಯೋದು ಯಾರ ಕೆಲಸ?"

ಮೂರು ಸಲ ಅಲೆದ ಮೇಲೆ ಸರ್ಕಾರ ನನಗೆ ಒಬ್ಬ ಗೃಹರಕ್ಷಕಿಯನ್ನೂ ಒಂದು ಲಾಠಿಯನ್ನೂ ಒಂದು ದಪ್ಪ ರಿಜಿಸ್ಟರನ್ನೂ ಕೊಟ್ಟಿತು. ಆಕೆ ಆನೇಕಲ್ ಕಡೆಯ ಹಳ್ಳಿಯವಳು. ಬಂದವಳೇ ಲಾಠಿಯನ್ನು ಮೂಲೆಗೆ ಒರಗಿಸಿ, ಸ್ಕೇಲ್ ಇಟ್ಟು ಅಚ್ಚುಕಟ್ಟಾಗಿ ಗೆರೆ ಎಳೆದಳು: ಹೆಸರು, ಊರು, ಫೋನ್, ಬಂದ ಕಾರಣ.

"ಯಾಕಕ್ಕ ಬಂದಿದ್ದು? ಜೋರಾಗ್ ಏಳಿ, ಬರ್ಕೋಬೇಕು."

ಬಾಗಿಲಲ್ಲಿದ್ದ ಹೆಂಗಸರೆಲ್ಲ ತಂತಮ್ಮ ಚಪ್ಪಲಿ ನೋಡತೊಡಗಿದರು. ಇಬ್ಬರು ಬನ್ನು ತರಲು ಬಂದವರಂತೆ ಪಕ್ಕದ ಬೇಕರಿಗೆ ಹೋದರು. ಹೆಲ್ಮೆಟ್ಟಿನವನಿಂದ ಆಗದ್ದನ್ನು ಈಕೆ ಮಧ್ಯಾಹ್ನದೊಳಗೆ ಮಾಡಿ ಮುಗಿಸಿದ್ದಳು. ಕ್ಲಿನಿಕ್ ಖಾಲಿ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ನಾನು ಆ ಹಾಳೆ ಹರಿದೆ. "ಅಯ್ಯೋ, ಪೇಜ್ ನಂಬರ್ ಐತೆ ಮೇಡಂ!" ಎಂದು ಕಿರುಚಿದಳು.

"ಯಾರ್ ಬಂದ್ರು, ಯಾಕ್ ಬಂದ್ರು ಅಂತ ಗೊತ್ತಾದ್ರೆ ಅವರನ್ನ ಮನೇಲಿ ಹೊಡೆದು ಸಾಯಿಸ್ತಾರೆ ಕಣಮ್ಮ!"

ಆಕೆ ಸ್ಕೇಲನ್ನು ಒಳಗಿಟ್ಟು ರಿಜಿಸ್ಟರು ಮುಚ್ಚಿದಳು. "ಪುಸ್ತಕ ಖಾಲಿ ಇದ್ರೆ ಸಾಹೇಬ್ರು ಬೈತಾರೆ" ಎಂದಳು, ಮೆಲ್ಲಗೆ.

ಮರುದಿನದಿಂದ ಹೆಂಗಸರನ್ನು ಕೇಳುವುದು ನಿಂತಿತು. ಆದರೂ ಪುಸ್ತಕ ತುಂಬುತ್ತಲೇ ಇತ್ತು. ಕುತೂಹಲಕ್ಕೆ ತೆರೆದು ನೋಡಿದೆ. "ಡಾಕ್ಟ್ರಮ್ಮ. ಕಾರಣ: ಡಾಕ್ಟರ್." "ಹಾಲಿನವರು. ಕಾರಣ: ಹಾಲು." ನಾನು ಟೀ ಕುಡಿದು ಒಳಗೆ ಬಂದಾಗಲೆಲ್ಲ ಮತ್ತೆ "ಡಾಕ್ಟ್ರಮ್ಮ". ಗುರುವಾರ, "ಹಸು. ಕಾರಣ: ಗೊತ್ತಿಲ್ಲ."

ಶುಕ್ರವಾರ ಹೆಲ್ಮೆಟ್ಟಿನವನು ಮೂವರನ್ನು ಕಟ್ಟಿಕೊಂಡು ಬಂದ. ಒಳಗೆ ನಾಲ್ವರು ಹೆಂಗಸರಿದ್ದರು. ನಾನು ಗೃಹರಕ್ಷಕಿಯ ಬೆನ್ನ ಹಿಂದೆ ಹೋಗಿ ನಿಂತೆ, ಸುಳ್ಳೇಕೆ ಹೇಳಲಿ.

"ಯಾರ್ಯಾರ್ ಬಂದವ್ರೆ ತೋರ್ಸು" ಎಂದು ಆತ ರಿಜಿಸ್ಟರಿಗೆ ಕೈ ಹಾಕಿದ. ಆಕೆ ತಾನೇ ತೆರೆದುಕೊಟ್ಟಳು. ಆತ ಬೆರಳಿಟ್ಟು ಓದಿದ: ಡಾಕ್ಟ್ರಮ್ಮ, ಹಾಲು, ಡಾಕ್ಟ್ರಮ್ಮ, ಹಸು. ಕೊನೆಯ ಸಾಲು ಮುಗಿಯುತ್ತಿದ್ದಂತೆ ಆಕೆ ಪೆನ್ನು ಅವನ ಕೈಗಿಟ್ಟಳು.

"ಈಗ ನೀನ್ ಬರಿ. ಎಸ್ರು, ಊರು, ಫೋನ್ ನಂಬರ್. ಬಂದ ಕಾರಣ ಜೋರಾಗ್ ಏಳು. ಠಾಣೆಗ್ ಓಗೋ ಪುಸ್ತಕ ಇದು. ಗಲಾಟೆ ಅಂತ ಬರಿಯಾಣ್ವಾ?"

ಅವನ ಹಿಂದೆ ಬೈಕು ಸ್ಟಾರ್ಟ್ ಆದ ಸದ್ದು ಕೇಳಿಸಿತು. ಮೂವರೂ ಹೊರಟಿದ್ದರು. ಆತ ಪೆನ್ನು ಮೇಜಿನ ಮೇಲಿಟ್ಟು ಅವರ ಹಿಂದೆಯೇ ಓಡಿದ. ಸಂತೋಷಕ್ಕೆ ನಾನು ಆಕೆಯನ್ನು ತಬ್ಬಿಕೊಂಡೆ.

ಹದಿನೈದು ದಿನಕ್ಕೇ ಆಕೆಯನ್ನು ಯಾವುದೋ ಸಮಾವೇಶದ ಬಂದೋಬಸ್ತಿಗೆ ಹಾಕಿದರು. ಠಾಣೆಗೆ ಫೋನ್ ಮಾಡಿದರೆ, "ಈಗ ಗಲಾಟೆ ಇಲ್ವಲ್ಲ ಮೇಡಂ" ಎಂಬ ಉತ್ತರ.

ಕೊನೆಯ ದಿನ ಸಂಜೆ ಆಕೆ ಒಳಗೆ ಬಂದು ರೋಗಿಗಳ ಸ್ಟೂಲಿನ ಮೇಲೆ ಕುಳಿತಳು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನಂಗೆ ಎಲ್ಡ್ ತಿಂಗ್ಳಾಗೈತೆ ಮೇಡಂ. ದೊಡ್ಡ್ ಮಗ್ಳು ಪಿಯುಸಿ. ಬ್ಯಾಡ ನಂಗೆ. ಮನ್ಯಾಗೆ ಗೊತ್ತಾದ್ರೆ ನಮ್ಮೆಜಮಾನ್ರು ಬಿಡಾಕಿಲ್ಲ."

ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಕೇಳಿದೆ. "ನೀವ್ ಬಾಯ್ ಬಿಡ್ತೀರೋ ಇಲ್ವೋ ಅಂತ ನೋಡ್ತಿದ್ದೆ" ಎಂದಳು. ಸೋಮವಾರ ಬರಲು ಹೇಳಿದೆ.

"ಸೋಮವಾರ ಬಾಗ್ಲಾಗೆ ಯಾರಿರ್ತಾರೆ?"

"ನಾನೇ ನಿಂತ್ಕೋತೀನಿ" ಎಂದೆ, ಜಂಬದಿಂದ.

ಆಕೆ ನನ್ನನ್ನೇ ನೋಡಿದಳು. "ಅಂಗಾದ್ರೆ ಒಳಗ್ ಯಾರಿರ್ತಾರೆ ಮೇಡಂ?"