ಅವ್ವ ಮಿಶ್ರಿ ಬಿಟ್ಟದ್ದು

ನಮ್ಮ ಅವ್ವನ ಹಲ್ಲು ಇದ್ದಿಲಿನಷ್ಟು ಕಪ್ಪು. ನಗು ಬಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ಗುಡಗೇರಿಯ ನಮ್ಮ ಓಣಿಯಲ್ಲಿ ಅವಳು ಹಂಚಿನ ಮೇಲೆ ತಂಬಾಕು ಹುರಿಯಲು ಕೂತಳೆಂದರೆ ಆಚೆ ಮನೆಯವರೂ ಸೀನುತ್ತಿದ್ದರು. ಕರ್ರಗೆ ಹುರಿದು, ಕುಟ್ಟಿ, ಡಬ್ಬಿಗೆ ತುಂಬಿದರೆ ಅದೇ ಮಿಶ್ರಿ. ಬೆಳಿಗ್ಗೆ ಹಲ್ಲಿಗೆ ತಿಕ್ಕಲು, ಹತ್ತಿಯ ಹೊಲದಲ್ಲಿ ಕಸ ತೆಗೆಯುವಾಗ ಹಸಿವು ಮರೆಯಲು, ಸಿಟ್ಟು ಬಂದರೆ ನುಂಗಿಕೊಳ್ಳಲು, ಎಲ್ಲದಕ್ಕೂ ಅದೇ.

ಅಪ್ಪ ಬಿಡು ಎಂದ, ಬಿಡಲಿಲ್ಲ. "ಕರಿಹಲ್ಲಿನಾಕಿ ಮಗಳು" ಎಂದು ಸಾಲ್ಯಾಗ ಕಾಡ್ತಾರಂತ ನಾನು ಅತ್ತೆ. "ಅನ್ನಾವ್ರ ಹಲ್ಲು ಮೊದಲು ನೋಡಿ ಬಾ ಹೋಗ" ಎಂದಳು ಅವ್ವ.

ತಂಗಿ ಚೆನ್ನಿ ಹೊಟ್ಟೆಯಲ್ಲಿದ್ದಾಗ ಅವ್ವನಿಗೆ ವಾಂತಿಯೋ ವಾಂತಿ. "ಬಾಯಾಗ ಮಿಶ್ರಿ ಇಟ್ಟಗೊಳ್ಳ ಬೇ, ನಿಲ್ತೈತಿ" ಎಂದು ಓಣಿಯ ಮುದುಕಿಯರು ಹೇಳಿದರು. ಅವ್ವ ಕೇಳಿದಳು. ಹುಟ್ಟಿದ ಚೆನ್ನಿ ನಿಂತಲ್ಲಿ ನಿಲ್ಲದ ಹುಡುಗಿ. ನೀರಿಗೆ ಕಳಿಸಿದರೆ ಕೊಡ ಬಾವಿಯ ಹತ್ತಿರ ಬಿಟ್ಟು, ಯಾರದೋ ಆಡಿನ ಮರಿ ಎತ್ತಿಕೊಂಡು ಬರುತ್ತಿದ್ದಳು. ಮಾಸ್ತರರು, "ಇಕಿನ್ನ ಮನ್ಯಾಗ ಇಟ್ಟಗೋರಿ" ಎಂದುಬಿಟ್ಟರು.

ಆ ವರ್ಷ ಹುಬ್ಬಳ್ಳಿಯಿಂದ ಡಾಕ್ಟರಬಾಯಿ ಒಬ್ಬರು ಬಂದಿದ್ದರು. ಚೆನ್ನಿಯನ್ನು ತೋರಿಸಲು ಹೋದ ಅವ್ವನ ಹಲ್ಲು ನೋಡಿದವರೇ ಕೇಳಿದರು: "ಈಕಿ ಹೊಟ್ಯಾಗಿದ್ದಾಗೂ ತಿಕ್ಕತಿದ್ರೇನ್ರಿ?"

"ಹೌದ್ರಿ ಬಾಯಾರ. ಆವಾಗಂತೂ ಅಗದಿ ಜಾಸ್ತಿರಿ."

"ತಂಬಾಕಿನ ನಶಾ ಹೊಕ್ಕಳಬಳ್ಳಿ ಹಿಡಕೊಂಡು ಕೂಸಿಗೂ ಮುಟ್ಟತೈತ್ರಿ. ಕೂಸಿನ ಮಿದುಳು ಇನ್ನೂ ಕಟ್ಟಾಕತ್ತಿರತೈತಿ. ಒಂದು ನರದ ಸುದ್ದಿ ಇನ್ನೊಂದಕ್ಕ ಒಯ್ಯೋ ರಸಗಳಿರತಾವು, ಅವು ಏರುಪೇರಾಗಬಹುದು. ಆಮ್ಯಾಲೆ ಅಂಥ ಮಕ್ಕಳ ಲಕ್ಷ್ಯ ಒಂದ ಕಡೆ ನಿಲ್ಲೂದು ಕಷ್ಟ. ಆದ್ರ ಈಕಿಗೆ ಅದರಿಂದನ ಆಗೈತಿ ಅಂತ ನಾ ಹೇಳಾಕ ಬರೂದಿಲ್ರಿ."

ಕೊನೆಯ ಮಾತು ಅವ್ವನ ಕಿವಿಗೆ ಬೀಳಲೇ ಇಲ್ಲ. ಮನೆಗೆ ಬಂದು ಡಬ್ಬಿಯನ್ನು ತಿಪ್ಪೆಗೆ ಎಸೆದಳು. ತಲೆನೋವಿಗೆ ಹಣೆಗೆ ಅರಿವೆ ಬಿಗಿದುಕೊಂಡು ಎಷ್ಟೋ ದಿನ ಎಲ್ಲರ ಮೇಲೂ ಹರಿಹಾಯ್ದಳು. ಮತ್ತೆ ಮುಟ್ಟಲಿಲ್ಲ. ನನ್ನ ಅಳುವಿಗೆ ಬಿಡದ್ದನ್ನು ಚೆನ್ನಿಗಾಗಿ ಒಂದೇ ಮಾತಿಗೆ ಬಿಟ್ಟಳಲ್ಲ! ಊರೆಲ್ಲ ಅವ್ವನನ್ನು ಹೊಗಳಿತು. ನಾನು ಮಾತ್ರ ಹೊಗಳಲಿಲ್ಲ.

ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಕೈಗೆ ಕೆಲಸವಿದ್ದರೆ ಚೆನ್ನಿಯ ಕಿವಿ ನಿಲ್ಲುತ್ತದೆ ಎಂಬುದನ್ನು ನೋಡಿಕೊಂಡಳು. ಅವಳ ಮುಂದೆ ಮೊರದ ತುಂಬ ಶೇಂಗಾ ಸುರಿದು ಸುಲಿಯಲು ಕೂಡಿಸುವಳು. ಪಾಠ ಓದುವವಳು ನಾನು. ಗಂಟಲು ಒಣಗುವುದು ನನ್ನದು. "ನೋಡ, ನನ್ನ ಚೆನ್ನಿ ಹೆಂಗ ಹೇಳಿದ್ಲು!" ಎಂಬ ಶಾಬಾಸ್ಕಿ ಅವಳದು. ನಾನು ಕ್ಲಾಸಿಗೆ ಮೊದಲು ಬಂದೆ ಎಂದರೆ, "ನಿನಗೇನ ಬೇ, ನಿನಗ ಬರತೈತಿ" ಅಂತ ಅಷ್ಟಕ್ಕೇ ಮುಗಿಯಿತು.

ಒಂದು ಸಂಜೆ ಓದುತ್ತ ಓದುತ್ತ ನಾನೂ ಚೆನ್ನಿಯ ಹಾಗೆ ಚಟ್ಟನೆ ಎದ್ದು, ಮೊರ ಒದ್ದು, ರೈಲು ನೋಡಲು ಓಡಿದೆ. ಅವ್ವ ಕೂತಲ್ಲಿಂದಲೇ ಕೂಗಿದಳು: "ಚೆನ್ನಿ ಓಡಿದ್ರ ಹಿಂದ ಹೊಳ್ಳಿ ನೋಡಂಗಿಲ್ಲ. ನೀ ನನ್ನ ಮಾರಿ ನೋಡಕೋತ ಓಡಾಕತ್ತಿ. ಬಾ, ಶೇಂಗಾ ಆರಸು!"

ಹೀಗೆ ಪಾಠ ಕೇಳಿ ಕೇಳಿಯೇ ಚೆನ್ನಿ ಏಳನೇ ಇಯತ್ತೆಯ ಪರೀಕ್ಷೆ ದಾಟಿದಳು. ಆಮೇಲೆ ಸಂತೆಯಿಂದ ಸಂತೆಗೆ ಕಾಯಿಪಲ್ಲೆ ವ್ಯಾಪಾರ ಹಿಡಿದಳು. ಅಣ್ಣಿಗೇರಿಯಲ್ಲಿ ಮನೆ ಮಾಡಿದಳು. ಅವ್ವ ಕೊನೆಗೆ ಮಲಗಿದ್ದೂ ಅಲ್ಲೇ, ಮತ್ತೆಲ್ಲಿ?

ನೋಡಲು ಹೋದವಳು ತಡೆಯಲಾರದೆ ಕೇಳಿಯೇಬಿಟ್ಟೆ: "ನನ್ನ ಸಲುವಾಗಿ ಯಾಕ ಬಿಡಲಿಲ್ಲ ಬೇ ಯವ್ವಾ?"

ಅವ್ವ ನನ್ನ ಕೈ ಹಿಡಿದು ಹತ್ತಿರ ಕೂಡಿಸಿಕೊಂಡಳು. "ನೀ ಹೊಟ್ಯಾಗಿದ್ದಾಗ ನಾ ಇನ್ನೂ ಅದನ್ನ ಹಿಡಿದಿದ್ದಿಲ್ಲ. ಚೆನ್ನಿ ಮಾರಿ ನೋಡಿದ್ರ ನನಗ ಅನ್ನ ಇಳೀತಿದ್ದಿಲ್ಲ. ನಿನ್ನ ಬಾಜೂಕ ಕುಂತಾಗಷ್ಟ ಜೀವ ಹಗರಾಗ್ತಿತ್ತು."

ಅಷ್ಟರಲ್ಲಿ ಚೆನ್ನಿ ಅರ್ಧ ಚೆಲ್ಲಿದ ಚಹಾ ಹಿಡಿದು ಓಡಿ ಬಂದು, ಕಪ್ಪಿನ ಕೆಳಗಿನ ಬಸಿ ಮರೆತದ್ದು ನೆನಪಾಗಿ ಓಡಿ ಹೋದಳು. ಅವ್ವನ ಕಣ್ಣು ಅವಳ ಬೆನ್ನ ಹಿಂದೆಯೇ ಹೋಯಿತು. ಅವ್ವನನ್ನು ನಾನು ಜೀವಂತ ನೋಡಿದ್ದು ಅದೇ ಕೊನೆ.

"ಆವತ್ತು ಯವ್ವ ನಿನಗ ಏನ ಹೇಳಿದ್ಲಕ್ಕಾ?" ಎಂದು ಚೆನ್ನಿ ಈಗಲೂ ಕೇಳುತ್ತಾಳೆ.

"ಏನಿಲ್ಲ ಬೇ" ಎನ್ನುತ್ತೇನೆ. ಅವ್ವನದು ಉಳಿದದ್ದೆಲ್ಲ ಅವಳಿಗೇ ಹೋಗಿದೆ. ಆ ಮಾತೊಂದನ್ನು ಮಾತ್ರ ಕೊಡಲಾರೆ.